ಸೈಕಲ್ ಪತ್ರಿಕೆಗಳ ತಾಂತ್ರಿಕ ವರದಿಗಳು ಎಷ್ಟು ನಿಖರ?

ಸೈಕಲ್ ಹಾಗೂ ಬಿಡಿಭಾಗಗಳ ವಹಿವಾಟಿನಲ್ಲಿ ಪತ್ರಿಕಾ ವಿಮರ್ಶೆಯ ಪ್ರಭಾವ ಸಣ್ಣದಲ್ಲ. ಒಂದು ಫ್ರೇಮ್ ಹಗುರವೆಂದೋ ಒಂದು ಟಯರ್ ವೇಗದ್ದೆಂದೋ ಹೆಸರಾಂತ ಪತ್ರಿಕೆ ಬರೆದರೆ ಬೇಡಿಕೆ ಅತ್ತ ಹರಿಯುತ್ತದೆ, ವರ್ತಕನು ದಾಸ್ತಾನು ತುಂಬುತ್ತಾನೆ, ತಯಾರಕನು ವಿನ್ಯಾಸ ಬದಲಿಸುತ್ತಾನೆ. ಆದ್ದರಿಂದ ಇಂತಹ ಹೇಳಿಕೆ ಯಾವ ಅಳತೆಯನ್ನು ಆಧರಿಸಿದೆ ಎಂಬ ಪ್ರಶ್ನೆ ಓದುಗನಿಗೆಷ್ಟೋ ಉದ್ದಿಮೆಗೂ ಅಷ್ಟೇ ಮುಖ್ಯವಾದುದು.

ಉಕ್ಕಿನ ಫ್ರೇಮುಗಳ ಉದಾಹರಣೆಯನ್ನೇ ನೋಡಬಹುದು. ದುಬಾರಿ ಮಿಶ್ರಲೋಹದ ಕೊಳವೆಗಳಿಂದ ಮಾಡಿದ ಫ್ರೇಮ್ ಹೆಚ್ಚು ಬಿಗಿಯಾದುದು, ಸವಾರನಿಗೆ ಬೇಗ ಸ್ಪಂದಿಸುವಂತಹುದು ಎಂಬ ವರ್ಣನೆ ಪಾಶ್ಚಾತ್ಯ ಸೈಕಲ್ ಪತ್ರಿಕೆಗಳಲ್ಲಿ ಬಹುಕಾಲ ರೂಢಿಯಲ್ಲಿತ್ತು. ಲೋಹಶಾಸ್ತ್ರದ ಪ್ರಾಥಮಿಕ ಪಾಠಕ್ಕೆ ಇದು ಹೊಂದುವುದಿಲ್ಲ. ಸಾಧಾರಣ ಉಕ್ಕಾಗಲಿ, ಕ್ರೋಮ್-ಮಾಲಿಬ್ಡಿನಂ ಉಕ್ಕಾಗಲಿ, ಎರಡರ ಯಂಗ್ ಗುಣಾಂಕವೂ ಸುಮಾರು 200 ಗಿಗಾಪ್ಯಾಸ್ಕಲ್. ಬೆಲೆಯೊಂದಿಗೆ ಏರುವುದು ಬಿಗುವಲ್ಲ, ಲೋಹದ ತಾಳಿಕೆ. ಆ ತಾಳಿಕೆಯ ಬಲದಿಂದ ಕೊಳವೆಯ ಗೋಡೆಯನ್ನು ತೆಳುವಾಗಿಸಿ ತೂಕ ಇಳಿಸಬಹುದು. ಆದರೆ ವ್ಯಾಸ ಬದಲಾಗದಿದ್ದರೆ ತೆಳು ಕೊಳವೆ ಹೆಚ್ಚೇ ಬಾಗುತ್ತದೆ. ಗೋಡೆಯ ದಪ್ಪವನ್ನು ಹಾಗೆಯೇ ಇರಿಸಿ ವ್ಯಾಸವನ್ನು ಇಮ್ಮಡಿಗೊಳಿಸಿದರೆ ಬಿಗುವು ಸುಮಾರು ಎಂಟು ಪಟ್ಟಾಗುತ್ತದೆ. ಅಲ್ಯೂಮಿನಿಯಂನ ಗುಣಾಂಕ 70ರಷ್ಟೇ ಇದ್ದರೂ ಅದರ ಫ್ರೇಮುಗಳು ಗಡುಸಾಗಿರುವುದಕ್ಕೆ ಅವುಗಳ ದಪ್ಪ ವ್ಯಾಸದ ಕೊಳವೆಗಳೇ ಕಾರಣ.

ಈ ವರ್ಣನೆಗಳನ್ನು ಒರೆಗೆ ಹಚ್ಚಿದ್ದೂ ಒಂದು ಪತ್ರಿಕೆಯೇ ಎಂಬುದು ಗಮನಾರ್ಹ. ಈಗ ನಿಂತುಹೋಗಿರುವ ಅಮೆರಿಕದ 'ಬೈಸಿಕಲ್ ಗೈಡ್' 1990ರ ದಶಕದಲ್ಲಿ ಇಟಲಿಯ ಫ್ರೇಮ್ ತಯಾರಕ ಆಂಟೋನಿಯೋ ಮೊಂಡೋನಿಕೊ ಅವರಿಂದ ಏಳು ಫ್ರೇಮುಗಳನ್ನು ಮಾಡಿಸಿತು. ಏಳರ ಅಳತೆಯೂ ಒಂದೇ. ಕೊಳವೆ ಮಾತ್ರ ಕೊಲಂಬಸ್ ಕಂಪನಿಯ ಬೇರೆ ಬೇರೆ ದರ್ಜೆಯದು. ಯಾವುದು ಯಾವ ಕೊಳವೆಯದೆಂದು ತಿಳಿಸದೆ ಸವಾರಿ ಮಾಡಿಸಲಾಯಿತು. ಅಗ್ಗದ ಫ್ರೇಮನ್ನು ದುಬಾರಿ ಫ್ರೇಮಿನಿಂದ ಬೇರ್ಪಡಿಸಿ ಹೇಳಲು ಲೇಖಕ ಅಲನ್ ಕೋಟೆ ಅವರಿಗೆ ಸಾಧ್ಯವಾಗಲಿಲ್ಲ. ವರ್ಷಗಟ್ಟಲೆ ಅಚ್ಚಾದ ವಿಶೇಷಣಗಳಿಗೆ ಇದಕ್ಕಿಂತ ಕಠಿಣವಾದ ಟೀಕೆ ಇರಲಾರದು. ಆದರೂ ಅಂತಹ ವಿಶೇಷಣಗಳು ಮರೆಯಾಗಲಿಲ್ಲ. ಜಾಹೀರಾತುದಾರನ ಪ್ರಕಟಣೆಯಿಂದ ನಾಲ್ಕು ಸಾಲು ಎತ್ತಿಕೊಳ್ಳುವುದು ಏಳು ಫ್ರೇಮ್ ಕಟ್ಟಿಸುವುದಕ್ಕಿಂತ ಸುಲಭವಷ್ಟೆ!

ಅಳತೆ ಮಾಡಿದ ಮಾತ್ರಕ್ಕೆ ನಿಖರತೆ ಬಂದೀತೆಂದು ಭಾವಿಸುವಂತಿಲ್ಲ. ಟಯರುಗಳ ವಿಷಯದಲ್ಲಿ ನಡೆದದ್ದು ಇದೇ. ಟಯರ್ ಕಿರಿದಾದಷ್ಟೂ, ಗಾಳಿಯ ಒತ್ತಡ ಏರಿದಷ್ಟೂ ವೇಗ ಹೆಚ್ಚು ಎಂಬ ಸೂತ್ರವನ್ನು ಪತ್ರಿಕೆಗಳು ದಶಕಗಳ ಕಾಲ ಬೋಧಿಸಿದವು. ಅದಕ್ಕೆ ಪ್ರಯೋಗಾಲಯದ ಆಧಾರವೂ ಇತ್ತು. ಆದರೆ ಆ ಪ್ರಯೋಗಗಳು ನಡೆಯುತ್ತಿದ್ದುದು ನುಣುಪಾದ ಉಕ್ಕಿನ ಉರುಳೆಯ ಮೇಲೆ. ನಿಜವಾದ ರಸ್ತೆ ತರಿತರಿಯಾದುದು. ಅತಿಯಾಗಿ ಗಾಳಿ ತುಂಬಿದ ಟಯರ್ ಸೈಕಲನ್ನೂ ಸವಾರನನ್ನೂ ಅದುರಿಸುತ್ತದೆ, ಆ ಅದುರಿನಲ್ಲಿ ಸವಾರನ ಶಕ್ತಿ ವ್ಯಯವಾಗುತ್ತದೆ. ಉರುಳೆಯ ಮೇಲೆ ಸವಾರನೇ ಇಲ್ಲವಾದ್ದರಿಂದ ಈ ನಷ್ಟ ಲೆಕ್ಕಕ್ಕೆ ಬರಲಿಲ್ಲ. ಸಿಯಾಟಲ್‌ನಲ್ಲಿ ಯಾನ್ ಹೈನ ಅವರು 2002ರಲ್ಲಿ ಆರಂಭಿಸಿದ ಸಣ್ಣ ತ್ರೈಮಾಸಿಕವೊಂದು, ಮುಂದೆ 'ಬೈಸಿಕಲ್ ಕ್ವಾರ್ಟರ್ಲಿ' ಎಂದು ಹೆಸರಾದದ್ದು, ಸವಾರನನ್ನು ಕೂರಿಸಿ ಇಳಿಜಾರಿನಲ್ಲಿ ಸೈಕಲ್ ಉರುಳಿಬಿಟ್ಟು ಹಿಡಿದ ಸಮಯವನ್ನು 2006ರಲ್ಲಿ ಪ್ರಕಟಿಸಿತು. ಮೃದುವಾದ ಹಂದರವುಳ್ಳ ಅಗಲ ಟಯರ್ ಕಿರಿದಾದ ಟಯರಿಗಿಂತ ನಿಧಾನವಲ್ಲ ಎಂಬುದು ಅದರ ನಿರ್ಣಯ. 2010ರ ದಶಕದಲ್ಲಿ ಪಂದ್ಯದ ತಂಡಗಳೇ 23 ಮಿ.ಮೀ. ಟಯರಿನಿಂದ 25ಕ್ಕೆ, ಅನಂತರ 28ಕ್ಕೆ ಸರಿದವು. 23 ಮಿ.ಮೀ. ಟಯರಿಗೆ ಹೊಂದುವಂತೆ ಇಕ್ಕಟ್ಟಾಗಿ ಮಾಡಿದ ಫ್ರೇಮುಗಳಲ್ಲಿ ಹಲವಕ್ಕೆ ಈ ಅಗಲದ ಟಯರ್ ಹಿಡಿಸುವುದಿಲ್ಲ. ತಪ್ಪಾದ ಸೂತ್ರದ ಬೆಲೆಯನ್ನು ತೆತ್ತವರು ಸೂತ್ರ ಬರೆದವರಲ್ಲ.

ಜರ್ಮನಿಯ 'ಟೂರ್' ಪತ್ರಿಕೆ ಈ ವಿಷಯದಲ್ಲಿ ಬೇರೆ ದಾರಿ ಹಿಡಿದಿದೆ. ತಯಾರಕರು ಕೊಟ್ಟ ತೂಕವನ್ನು ನಂಬದೆ ತಾನೇ ತೂಗುತ್ತದೆ, ಫ್ರೇಮಿನ ಬಿಗುವನ್ನು ಯಂತ್ರದ ಮೇಲೆ ಅಳೆಯುತ್ತದೆ. ತಯಾರಕರು ಹೇಳುವ ತೂಕ ಬಣ್ಣ ಬಳಿಯದ, ಅತಿ ಸಣ್ಣ ಅಳತೆಯ ಫ್ರೇಮಿನದೂ ಆಗಿರಬಹುದಾದ್ದರಿಂದ ಈ ಎಚ್ಚರ ಅಗತ್ಯವೇ.

ಇನ್ನು ಚಿಲ್ಲರೆ ವರ್ತಕನಿಗೆ ನೇರವಾಗಿ ತಟ್ಟುವ ಅನಿಖರತೆಯೆಂದರೆ ಅಂಗುಲದ ಲೆಕ್ಕ. '29 ಅಂಗುಲ'ದ ಚಕ್ರ '27 ಅಂಗುಲ'ದ್ದಕ್ಕಿಂತ ದೊಡ್ಡದೆಂದು ಯಾರಿಗಾದರೂ ಅನಿಸುವುದು ಸಹಜ. ಆದರೆ ಟಯರ್ ಕೂರುವ ರಿಮ್ಮಿನ ವ್ಯಾಸ 29ಕ್ಕೆ 622 ಮಿ.ಮೀ., 27ಕ್ಕೆ 630 ಮಿ.ಮೀ.! ನಮ್ಮ ಊರುಗಳ ಹಳೆಯ ಕಪ್ಪು ಸೈಕಲ್ಲಿನ 28 × 1½ ಚಕ್ರಕ್ಕೆ 635. 26 ಅಂಗುಲವೆಂದು ಕರೆಯುವುದರಲ್ಲಿ 559, 584, 590 ಮೂರೂ ಉಂಟು. ಅಂಗುಲವನ್ನಷ್ಟೇ ಮುದ್ರಿಸುವ ಲೇಖನವನ್ನು ನೆಚ್ಚಿ ಟಯರ್ ತರಿಸಿದರೆ ಸರಕು ಗೋದಾಮಿನಲ್ಲೇ ಉಳಿಯುವ ಸಂಭವವಿದೆ. ಟಯರಿನ ಪಕ್ಕದಲ್ಲಿ ಅಚ್ಚಾಗಿರುವ 37-590ರಂತಹ ಜೋಡಿ ಸಂಖ್ಯೆಯೇ ಅಂತರರಾಷ್ಟ್ರೀಯ ಮಾನಕದ ಗುರುತು. ಮೊದಲನೆಯದು ಟಯರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ. ಬೇಡಿಕೆ ಪಟ್ಟಿಯಲ್ಲಿ ಬರೆಯಬೇಕಾದುದು ಈ ಸಂಖ್ಯೆಯನ್ನು.