ಗಾದೆ ಹೇಳಿದ್ದೆಲ್ಲ ನಿಜವೇ?

"ವೇದ ಸುಳ್ಳಾದರೂ ಗಾದೆ ಸುಳ್ಳಾಗದು" ಅಂತ ಹಿರಿಯರು ಹೇಳುತ್ತಾರೆ. ಇನ್ನೊಂದು ಗಾದೆಯೂ ನಮಗೆಲ್ಲ ಗೊತ್ತು. "ನಗುವ ಹೆಂಗಸನ್ನು, ಅಳುವ ಗಂಡಸನ್ನು ನಂಬಬಾರದು." ಇದು ನಿಜವೇ? ನೋಡೋಣ ಬನ್ನಿ.

ಹೆಣ್ಣು ಕೂಸು ಅಳುತ್ತದೆ. ಗಂಡು ಕೂಸೂ ಅಳುತ್ತದೆ. ತೊಟ್ಟಿಲಲ್ಲಿ ಎರಡೂ ನಗುತ್ತವೆ. ಹಾಗಾದರೆ ಭೇದ ಬಂದದ್ದು ಎಲ್ಲಿಂದ?

ಹುಡುಗ ಬಿದ್ದು ಅತ್ತರೆ ನಾವೇ ಹೇಳುತ್ತೇವೆ, "ಹುಡುಗಿ ಹಾಗೆ ಅಳ್ತೀಯಲ್ಲೋ!" ಹುಡುಗಿ ಜೋರಾಗಿ ನಕ್ಕರೆ ಗದರುತ್ತೇವೆ, "ಹಲ್ಲು ಕಿರೀಬೇಡ ಕಣೇ, ನಾಳೆ ಇನ್ನೊಬ್ಬರ ಮನೆ ಸೇರೋಳು." ದಿನಾ ಕೇಳಿದ ಮಾತು ಅಭ್ಯಾಸವಾಗುತ್ತದೆ. ಆ ಅಭ್ಯಾಸವನ್ನೇ ನಾವು ಹುಟ್ಟುಗುಣ ಅಂದುಕೊಳ್ಳುತ್ತೇವೆ.

ಹುಟ್ಟಿನಿಂದ ಬಂದದ್ದು ಯಾವುದು? ಬಸಿರು, ಹೆರಿಗೆ, ಎದೆಹಾಲು. ಇವು ಹೆಣ್ಣಿನ ದೇಹಕ್ಕೆ ಸೇರಿದ್ದು. ಅಡಿಗೆಯನ್ನು ಯಾರೂ ತಾಯಿಯ ಹೊಟ್ಟೆಯಲ್ಲೇ ಕಲಿತು ಬರುವುದಿಲ್ಲ. ಮನೆಯಲ್ಲಿ ಒಲೆ ಮುಂದೆ ಕೂರುವವರು ನಾವು. ಮದುವೆ ಮನೆಯಲ್ಲಿ, ಹೋಟೆಲಿನಲ್ಲಿ ಸೌಟು ಹಿಡಿಯುವವರು ಹೆಚ್ಚಾಗಿ ಗಂಡಸರು. ಯಾಕೆ? ಅಲ್ಲಿ ಅಡಿಗೆಗೆ ದುಡ್ಡು ಸಿಗುತ್ತದೆ!

"ಹೆಂಗಸಿಗೆ ಶಕ್ತಿ ಇಲ್ಲ" ಅಂತಾರೆ. ತುಂಬಿದ ಕೊಡ ಹೊರುವವರು ಯಾರು? ಸೌದೆ ಹೊರೆ ತರುವವರು ಯಾರು? ದಿನವಿಡೀ ಬಗ್ಗಿ ನಾಟಿ ಹಾಕುವವರು ಯಾರು? ಆದರೂ ಎಷ್ಟೋ ಕಡೆ "ಹೆಣ್ಣಾಳು" ಅಂತ ಕೂಲಿ ಕಡಿಮೆ ಕೊಡುತ್ತಾರೆ. ಒಂದೇ ಕೆಲಸಕ್ಕೆ ಒಂದೇ ಕೂಲಿ ಕೊಡಬೇಕೆಂದು 1976ರಲ್ಲೇ ಕಾನೂನು ಬಂತು. ಹಳೆಯ ಮಾತು ಮಾತ್ರ ಇನ್ನೂ ಹೋಗಿಲ್ಲ. ಅದು ನಮ್ಮ ಕೂಲಿಗೇ ಕತ್ತರಿ ಹಾಕುತ್ತಿದೆ.

ಇಂಥ ಮಾತು ಗಂಡಸನ್ನೂ ಕಟ್ಟಿಹಾಕುತ್ತದೆ. ಮಳೆ ಕೈಕೊಟ್ಟಾಗ, ಸಾಲ ಏರಿದಾಗ ಅವನಿಗೂ ದುಃಖವಾಗುತ್ತದೆ. ಅತ್ತರೆ ಜನ ನಗುತ್ತಾರೆ. ಅದಕ್ಕೇ ಒಳಗೊಳಗೇ ಕೊರಗುತ್ತಾನೆ.

ಹಳೆಯ ಮಾತು ಬದಲಾಗುತ್ತದೆಯೇ? ಬದಲಾಗುತ್ತದೆ. "ಹೆಣ್ಣಿಗೆ ಓದು ಯಾಕೆ?" ಇದೂ ಹಳೆಯ ಮಾತೇ. ಸಾವಿತ್ರಿಬಾಯಿ ಫುಲೆ ಮತ್ತು ಅವರ ಗಂಡ ಜೋತಿಬಾ ಫುಲೆ 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ಪಾಠ ಹೇಳಲು ಹೋಗುವಾಗ ಜನ ಸಾವಿತ್ರಿಬಾಯಿಯ ಮೇಲೆ ಸಗಣಿ ಎರಚಿದರು. ಅವರು ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೋದರು. ಪಾಠ ನಿಲ್ಲಿಸಲಿಲ್ಲ. ಇಂದು ನಾವೂ ಓದುತ್ತಿದ್ದೇವೆ.

ಗಾದೆ ಕಟ್ಟಿದವರು ಮನುಷ್ಯರೇ. ಒಳ್ಳೆಯದನ್ನು ಇಟ್ಟುಕೊಳ್ಳೋಣ. ಸುಳ್ಳನ್ನು ಬಿಡೋಣ. ಮಗನ ಕೈಗೂ ಪೊರಕೆ ಕೊಡೋಣ. ಮಗಳ ಕೈಗೂ ಪುಸ್ತಕ ಕೊಡೋಣ.

ಕೂಡಿ ಮಾತಾಡೋಣ:

1. ಹೆಣ್ಣನ್ನು ಹೀಗಳೆಯುವ ಗಾದೆಗಳು ನಿಮ್ಮೂರಲ್ಲಿ ಯಾವುವು?
2. ನಿಮ್ಮೂರಲ್ಲಿ ಹೆಣ್ಣಾಳಿಗೆ ಕೂಲಿ ಎಷ್ಟು? ಗಂಡಾಳಿಗೆ ಎಷ್ಟು? ಬರೆದು ನೋಡಿ.