ಒತ್ತಡ ತಾಳದೆ ಕೆಲಸ ಬಿಟ್ಟವರು ದುರ್ಬಲರೇ? ಲಂಡನ್ ಆಸ್ಪತ್ರೆಯೊಂದು ಹೇಳುವ ಸತ್ಯ

"ಒತ್ತಡ ತಾಳಲಾಗದೆ ಕೆಲಸ ಬಿಡುವವರಿಗೆ ಮನಸ್ಸು ಗಟ್ಟಿಯಿಲ್ಲ", "ಭಾವನೆಗಳನ್ನು ಮನೆಯಲ್ಲೇ ಬಿಟ್ಟು ಡ್ಯೂಟಿಗೆ ಬನ್ನಿ". ಇಂಥ ಅರ್ಥದ 'ಸ್ಫೂರ್ತಿ' ಸಂದೇಶಗಳು ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತವೆ. ಓದಲು ಚೆನ್ನಾಗಿವೆ, ಆದರೆ ನಿಜವೇ? ಅರವತ್ತು ವರ್ಷಗಳಿಗೂ ಹಿಂದೆ ಇದೇ ಪ್ರಶ್ನೆಯನ್ನು ಹತ್ತಿರದಿಂದ ನೋಡಿದ ಒಬ್ಬ ಮನೋವಿಶ್ಲೇಷಕಿಯ ಕೆಲಸವನ್ನು ಇಲ್ಲಿ ತಿಳಿಯೋಣ.

ಯಾರು ಈಕೆ?

ಇಸಬೆಲ್ ಮೆಂಜೀಸ್ ಹುಟ್ಟಿದ್ದು 1917ರಲ್ಲಿ, ಸ್ಕಾಟ್ಲೆಂಡಿನಲ್ಲಿ. ಓದಿದ್ದು ಅರ್ಥಶಾಸ್ತ್ರ ಮತ್ತು ಮನೋವಿಜ್ಞಾನ. ಎರಡನೇ ಮಹಾಯುದ್ಧದ ನಂತರ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯಲ್ಲಿ ಕೆಲಸ ಮಾಡುತ್ತಲೇ ಮನೋವಿಶ್ಲೇಷಣೆಯ ತರಬೇತಿ ಪಡೆದರು. ರೋಗಿಯ ಮಾತನ್ನು ದೀರ್ಘಕಾಲ ಆಲಿಸಿ, ಅವರಿಗೇ ಅರಿವಿಲ್ಲದ ಭಯ, ಆತಂಕಗಳನ್ನು ಹೊರತರುವ ಚಿಕಿತ್ಸಾ ವಿಧಾನ ಇದು. ಮೆಂಜೀಸ್ ಒಂದು ಕಡೆ ರೋಗಿಗಳಿಗೆ ಚಿಕಿತ್ಸೆ ನೀಡುತ್ತಿದ್ದರು. ಇನ್ನೊಂದು ಕಡೆ ಲಂಡನ್ ಅಗ್ನಿಶಾಮಕ ದಳ, ಆಸ್ಪತ್ರೆಗಳಂಥ ಸಂಸ್ಥೆಗಳ ಒಳಗಿನ ಸಮಸ್ಯೆಗಳನ್ನು ಅಧ್ಯಯನ ಮಾಡುತ್ತಿದ್ದರು. 2008ರಲ್ಲಿ ನಿಧನರಾದರು.

ಆಸ್ಪತ್ರೆಯಲ್ಲಿ ಕಂಡದ್ದೇನು?

ಲಂಡನ್ನಿನ ದೊಡ್ಡ ಬೋಧನಾ ಆಸ್ಪತ್ರೆಯೊಂದು ಟ್ಯಾವಿಸ್ಟಾಕ್‌ನ ನೆರವು ಕೇಳಿತ್ತು. ಅಲ್ಲಿ ಸುಮಾರು 700 ನರ್ಸ್‌ಗಳಿದ್ದರು, ಹೆಚ್ಚಿನವರು ಇನ್ನೂ ವಿದ್ಯಾರ್ಥಿನಿಯರು. ಅವರಲ್ಲಿ ಸುಮಾರು ಮೂರನೇ ಒಂದು ಭಾಗ ತರಬೇತಿ ಮುಗಿಸದೆ ಬಿಟ್ಟು ಹೋಗುತ್ತಿದ್ದರು, ಹಾಗೆ ಹೋದವರಲ್ಲಿ ಹೆಚ್ಚಿನವರು ತಾವಾಗಿಯೇ ಬಿಟ್ಟವರು.

ಕಾರಣ ಹುಡುಕುತ್ತಾ ಮೆಂಜೀಸ್ ಅಲ್ಲಿನ ದಿನನಿತ್ಯದ ಪದ್ಧತಿಗಳನ್ನು ಗಮನಿಸಿದರು. ರೋಗಿಯನ್ನು ಹೆಸರಿನಿಂದಲ್ಲ, ಹಾಸಿಗೆಯ ಸಂಖ್ಯೆಯಿಂದಲೋ ಕಾಯಿಲೆಯಿಂದಲೋ ಕರೆಯುತ್ತಿದ್ದರು. ಒಬ್ಬ ರೋಗಿಯ ಪೂರ್ತಿ ಆರೈಕೆ ಒಬ್ಬ ನರ್ಸ್‌ಗೆ ಸಿಗುತ್ತಿರಲಿಲ್ಲ. ಕೆಲಸವನ್ನು ಚೂರು ಚೂರು ಮಾಡಿ ಹಂಚಲಾಗುತ್ತಿತ್ತು. ವಾರ್ಡಿನಿಂದ ವಾರ್ಡಿಗೆ ವರ್ಗಾವಣೆ ನಡೆಯುತ್ತಲೇ ಇತ್ತು. ಸಣ್ಣ ನಿರ್ಧಾರವೂ ಮೇಲಿನವರ ಬಳಿಗೇ ಹೋಗುತ್ತಿತ್ತು. ಚೆನ್ನಾಗಿ ನಿದ್ದೆ ಮಾಡುತ್ತಿದ್ದ ರೋಗಿಯನ್ನೂ ಎಬ್ಬಿಸಿ ನಿದ್ರೆ ಮಾತ್ರೆ ಕೊಟ್ಟದ್ದೂ ಉಂಟು!

ಯಾಕೆ ಹೀಗೆ?

ನೋವು, ಸಾವು, ರೋಗಿಯ ಕಡೆಯವರ ಕಣ್ಣೀರು ಇವೆಲ್ಲದರ ನಡುವೆ ದಿನವೂ ಕೆಲಸ ಮಾಡುವುದು ಭಯ ಹುಟ್ಟಿಸುತ್ತದೆ. ಆ ಭಯ ತಟ್ಟದಿರಲೆಂದೇ ಸಂಸ್ಥೆ ತನಗರಿವಿಲ್ಲದೆ ಈ ನಿಯಮಗಳನ್ನು ಕಟ್ಟಿಕೊಂಡಿದೆ ಎಂದು ಮೆಂಜೀಸ್ ವಿವರಿಸಿದರು. ರೋಗಿ ಬರೀ ಒಂದು ಸಂಖ್ಯೆಯಾದರೆ ಮನಸ್ಸಿಗೆ ಅಷ್ಟಾಗಿ ನೋವಾಗುವುದಿಲ್ಲವಲ್ಲ!

ಆದರೆ ಆ ಗೋಡೆಯೇ ಹೊಸ ಸಂಕಟ ತಂದಿತು. ಆರೈಕೆ ಮಾಡಬೇಕೆಂಬ ಆಸೆಯಿಂದ ಬಂದವರಿಗೆ ಆ ತೃಪ್ತಿಯೇ ಸಿಗಲಿಲ್ಲ. ಬಿಟ್ಟು ಹೋದವರಲ್ಲಿ ಒಳ್ಳೆಯ, ಪ್ರಬುದ್ಧ ನರ್ಸ್‌ಗಳಾಗಬಲ್ಲವರೇ ಅನೇಕರಿದ್ದರು ಎಂಬುದು ಮೆಂಜೀಸ್ ಗಮನಿಸಿದ ಮುಖ್ಯ ಸಂಗತಿ. ಅಂದರೆ, ಅವರು ಹೋದದ್ದು ದುರ್ಬಲರಾಗಿದ್ದರಿಂದ ಎನ್ನಲಾಗದು.

ಇದನ್ನು ಎಷ್ಟರ ಮಟ್ಟಿಗೆ ನಂಬಬಹುದು?

1960ರಲ್ಲಿ ಪ್ರಕಟವಾದ ಈ ವರದಿ ಒಂದೇ ಆಸ್ಪತ್ರೆಯದ್ದು. ಮನಸ್ಸಿನ ಆಳದ ಬಗ್ಗೆ ಮನೋವಿಶ್ಲೇಷಣೆ ಹೇಳುವ ಕಾರಣಗಳನ್ನು ರಕ್ತ ಪರೀಕ್ಷೆಯಂತೆ ಅಳೆದು ಸಾಬೀತು ಮಾಡಲಾಗದು. ಹಾಗೆಂದು ಕೆಲಸ ಬಿಟ್ಟವರೆಲ್ಲ ಸರಿ, ಸಂಸ್ಥೆಯೇ ತಪ್ಪು ಎಂದೂ ಅರ್ಥವಲ್ಲ. ಆದರೆ ಒತ್ತಡದ ಮೂಲವನ್ನು ಕೆಲಸದ ವ್ಯವಸ್ಥೆಯಲ್ಲೂ ಹುಡುಕಬೇಕೆಂಬ ಮಾತು ಇಂದಿಗೂ ನಿಂತಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 'ಬರ್ನ್‌ಔಟ್' ಅನ್ನು ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದು ವಿವರಿಸಿತು. ಸರಿಯಾಗಿ ನಿಭಾಯಿಸದೆ ದೀರ್ಘಕಾಲ ಉಳಿದ ಕೆಲಸದ ಒತ್ತಡವೇ ಅದಕ್ಕೆ ಕಾರಣ ಎಂದಿತು.

ನಾವು ಏನು ಮಾಡಬಹುದು?

ತಂಡದಿಂದ ಒಬ್ಬರ ಹಿಂದೆ ಒಬ್ಬರು ಹೋಗುತ್ತಿದ್ದರೆ "ಈಗಿನವರಿಗೆ ತಾಳ್ಮೆಯಿಲ್ಲ" ಎನ್ನುವ ಮೊದಲು, ಮೇಲಿರುವವರು ಮೂರು ಪ್ರಶ್ನೆ ಕೇಳಿಕೊಳ್ಳಲಿ. ಈ ಕೆಲಸದಲ್ಲಿ ಜನರನ್ನು ಹೆದರಿಸುವುದು ಯಾವುದು? ಅದನ್ನು ಬಾಯಿಬಿಟ್ಟು ಹೇಳಲು ಜಾಗವಿದೆಯೇ? ನಮ್ಮ ಯಾವ ನಿಯಮ ಕೆಲಸಕ್ಕಾಗಿ ಇದೆ, ಯಾವುದು ಬರೀ ನಮ್ಮ ಭಯ ಮುಚ್ಚಿಡಲು ಇದೆ?

ಕೆಲಸದ ಒತ್ತಡದಿಂದ ನಿದ್ದೆ, ಊಟ ಕೆಟ್ಟಿದ್ದರೆ ಸುಮ್ಮನೆ ಸಹಿಸಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ಮುಂದಿನ ಬಾರಿ "ಗಟ್ಟಿ ಮನಸ್ಸಿನವರು ಮಾತ್ರ ಉಳಿಯುತ್ತಾರೆ" ಎಂಬ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಒಂದು ಕ್ಷಣ ಯೋಚಿಸಿ. ಅದೇ ಗುಂಪಿನಲ್ಲಿ ರಾತ್ರಿ ಡ್ಯೂಟಿ ಮುಗಿಸಿ ಬಂದ ನರ್ಸ್ ಒಬ್ಬರು ಅದನ್ನು ಓದುತ್ತಿರಬಹುದು.