ಹತ್ತು ಲಕ್ಷಕ್ಕೊಂದು ಗಡ್ಡೆ, ಐದು ಲಕ್ಷದ ಕಾರ್ಡು

ಕಾರ್ಡೋಮಾ ಎಂಬುದು ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಸುಮಾರು ಒಬ್ಬರಿಗೆ ಬರುವ ಮೂಳೆ ಕ್ಯಾನ್ಸರ್. ಅಮೆರಿಕದ ಕ್ಯಾನ್ಸರ್ ನೋಂದಣಿಯಿಂದ ಸಿಕ್ಕಿರುವ ಈ ಪ್ರಮಾಣವನ್ನು 2011ರ ಜನಗಣತಿಗೆ ಹಚ್ಚಿ ನೋಡೋಣ. ಕರ್ನಾಟಕದ 6.11 ಕೋಟಿ ಜನರಲ್ಲಿ ವರ್ಷಕ್ಕೆ ಅರವತ್ತು ಚಿಲ್ಲರೆ ಪ್ರಕರಣ ಆಗುತ್ತವೆ. ಮೂರರಲ್ಲೊಂದು ಪಾಲು ತಲೆಬುರುಡೆಯ ಬುಡದ್ದು. ಮಿಕ್ಕ ನಲವತ್ತು ಬೆನ್ನುಮೂಳೆ ಮತ್ತು ಸೊಂಟದ ಕೆಳಗಿನ ತ್ರಿಕಾಸ್ಥಿಯವು. ಬೆಂಗಳೂರು ನಗರ ಜಿಲ್ಲೆಯ 96 ಲಕ್ಷ ಜನರ ಪಾಲಿಗೆ ಇಂಥವು ಬರುವುದು ಆರೋ ಏಳೋ.

ಹೆಬ್ಬಾಳದ ಆಸ್ಟರ್ ಸಿಎಂಐ ಮತ್ತು ಮಣಿಪಾಲ್, ಯಶವಂತಪುರದ ಸ್ಪರ್ಶ್, ಮತ್ತಿಕೆರೆ ಪಕ್ಕದ ರಾಮಯ್ಯ, ಬೆಂಗಳೂರಿನ ಈ ಆಸ್ಪತ್ರೆಗಳೆಲ್ಲವೂ ಕೆಲವೇ ಕಿಲೋಮೀಟರ್ ಅಂತರದಲ್ಲಿವೆ. ಬಳ್ಳಾರಿ ರಸ್ತೆಯಿಂದ ಚಿಕ್ಕಬಳ್ಳಾಪುರ, ಹಿಂದೂಪುರದವರು ಬರುತ್ತಾರೆ, ಯಶವಂತಪುರ ಸ್ಟೇಷನ್ನಿನಲ್ಲಿ ಉತ್ತರ ಕರ್ನಾಟಕದವರು ಇಳಿಯುತ್ತಾರೆ. ಅಷ್ಟಾದರೂ ಒಬ್ಬ ಸರ್ಜನ್ನರ ಕೈಗೆ ವರ್ಷಕ್ಕೆ ಇಂಥ ಒಂದೆರಡು ಗಡ್ಡೆ ಸಿಕ್ಕರೆ ಹೆಚ್ಚು. ಆದ್ದರಿಂದ ‘ಇಂಥ ಆಪರೇಷನ್ ಎಷ್ಟು ಮಾಡಿದ್ದೀರಿ?’ ಎಂದು ಕೇಳಲು ಯಾರೂ ಸಂಕೋಚಪಡಬೇಕಿಲ್ಲ.

ಗುರುತು ಹಚ್ಚುವುದು ತಡವಾಗಲು ಕಾರಣವೂ ಲೆಕ್ಕದಲ್ಲೇ ಇದೆ. ದೇಶದಲ್ಲಿ ವರ್ಷಕ್ಕೆ ಸುಮಾರು 28 ಲಕ್ಷ ಹೊಸ ಕ್ಷಯ ರೋಗಿಗಳು. ಅವರಲ್ಲಿ ನೂರಕ್ಕೆ ಒಬ್ಬರಿಗೆ ಬೆನ್ನುಮೂಳೆಯ ಟಿಬಿ ಎಂದು ಹಿಡಿದರೂ 28 ಸಾವಿರ. ಬೆನ್ನುಮೂಳೆಯ ಕಾರ್ಡೋಮಾ ಇಡೀ ದೇಶಕ್ಕೆ ಒಂದು ಸಾವಿರವೂ ಆಗುವುದಿಲ್ಲ. ಡಿಸ್ಕ್ ಜಾರಿದವರ ಸಂಖ್ಯೆಯಂತೂ ಹೇಳತೀರದು. ವೈದ್ಯರು ಮೊದಲು ಡಿಸ್ಕ್, ಆಮೇಲೆ ಟಿಬಿ ಎಂದು ಯೋಚಿಸುವುದು ತಪ್ಪಲ್ಲ. ಆದರೆ ಮೂಳೆಯ ಚೂರೊಂದನ್ನು ಪರೀಕ್ಷೆಗೆ ಕಳಿಸದೆ ಟಿಬಿ ಮಾತ್ರೆ ಶುರುಮಾಡಿ ತಿಂಗಳುಗಟ್ಟಲೆ ಕಾಯುವುದು ತಪ್ಪು. ಆ ಕೋರ್ಸೇ ಒಂದರಿಂದ ಒಂದೂವರೆ ವರ್ಷ. ಗಡ್ಡೆ ಸದ್ದಿಲ್ಲದೆ ಬೆಳೆಯಲು ಅಷ್ಟು ಸಾಕು.

ಸ್ಕ್ಯಾನ್ ಮಾಡಿಸಿದರೂ ತಪ್ಪಿಹೋಗುವ ದಾರಿ ಒಂದಿದೆ. ಸೊಂಟನೋವಿಗೆ ಬರೆದುಕೊಡುವ ಮಾಮೂಲಿ ಎಂಆರ್‌ಐ ಚಿತ್ರ ಸಾಮಾನ್ಯವಾಗಿ ತ್ರಿಕಾಸ್ಥಿಯ ಎರಡನೇ ತುಂಡಿನ ಆಸುಪಾಸಿಗೆ ಮುಗಿಯುತ್ತದೆ. ತ್ರಿಕಾಸ್ಥಿಯಲ್ಲಿರುವುದು ಐದು ತುಂಡು, ಕಾರ್ಡೋಮಾ ಹೆಚ್ಚಾಗಿ ಕೂರುವುದು ಕೆಳಗಿನವುಗಳಲ್ಲಿ. ಎಕ್ಸ್‌ರೇಯಲ್ಲಿ ಕರುಳಿನ ಗಾಳಿಯ ನೆರಳು ಅದನ್ನು ಮುಚ್ಚಿಬಿಡುತ್ತದೆ. ಹೀಗೆ ‘ಎಲ್4–ಎಲ್5 ಡಿಸ್ಕ್ ಸ್ವಲ್ಪ ಉಬ್ಬಿದೆ’ ಎಂಬ ರಿಪೋರ್ಟ್ ಹಿಡಿದು ಮನೆಗೆ ಹೋದವರು ಕೂರಲಾಗದ ನೋವು, ಮಲಬದ್ಧತೆ, ಮೂತ್ರ ಕಟ್ಟುವುದು ಶುರುವಾದ ಮೇಲೆ ಮತ್ತೆ ಬರುತ್ತಾರೆ. ಗುದದ್ವಾರದಲ್ಲಿ ಬೆರಳಿಟ್ಟು ಈ ಗಡ್ಡೆಯನ್ನು ತಡವಿ ನೋಡುವ ಪರೀಕ್ಷೆಗೆ ಖರ್ಚೇ ಇಲ್ಲ, ಎರಡು ನಿಮಿಷ ಸಾಕು. ನಾಚಿಕೆಯಿಂದ ರೋಗಿಯೂ ಅವಸರದಿಂದ ವೈದ್ಯರೂ ಅದನ್ನು ಬಿಟ್ಟುಬಿಡುವುದು ನನಗೆ ನಿಜಕ್ಕೂ ಸಂಕಟ ತರುವ ಸಂಗತಿ.

ಮುಂದಿನದು ಬಯಾಪ್ಸಿ. ಸೂಜಿ ಹೋದ ದಾರಿಯಲ್ಲೇ ಈ ಗಡ್ಡೆಯ ಕಣಗಳು ಬಿತ್ತಿಹೋಗಬಹುದು. ಹಾಗಾಗಿ ಸೂಜಿ ಹಿಂಬದಿಯಿಂದಲೇ ಹೋಗಬೇಕು, ಮಲಾಶಯದ ಮೂಲಕ ಎಂದಿಗೂ ಹೋಗಬಾರದು. ಎಲ್ಲಿ ಚುಚ್ಚಬೇಕೆಂಬುದನ್ನು ಮುಂದೆ ಆಪರೇಷನ್ ಮಾಡುವ ಸರ್ಜನ್ನರೇ ನಿರ್ಧರಿಸಬೇಕು. 1984ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಗಡ್ಡೆಯನ್ನು ಒಡೆಯದೆ ಇಡಿಯಾಗಿ ತೆಗೆದವರಲ್ಲಿ ಅದೇ ಜಾಗದಲ್ಲಿ ಮರುಕಳಿಸಿದ್ದು ಶೇ 28. ತೆಗೆಯುವಾಗ ಗಡ್ಡೆ ತೆರೆದುಕೊಂಡವರಲ್ಲಿ ಶೇ 64. ಸರಿಯಾಗಿ ಮಾಡಿದ ಮೊದಲ ಆಪರೇಷನ್ನೇ ಕೊನೆಗೆ ಅಗ್ಗದ್ದು ಎನ್ನಲು ಇದಕ್ಕಿಂತ ದೊಡ್ಡ ಪುರಾವೆ ಬೇಡ.

ಇಡಿಯಾಗಿ ತೆಗೆಯುವಾಗ ನರಗಳೂ ಹೋಗುತ್ತವೆ. ಮೂರನೇ ತ್ರಿಕಾಸ್ಥಿ ನರ ಒಂದು ಬದಿಯಲ್ಲಾದರೂ ಉಳಿದರೆ ಅರ್ಧಕ್ಕಿಂತ ಹೆಚ್ಚು ಜನರಿಗೆ ಮಲಮೂತ್ರದ ಹಿಡಿತ ಉಳಿಯುತ್ತದೆ. ಹಿಡಿತ ಹೋದವರು ದಿನಕ್ಕೆ ಐದು ಸಲ ಕ್ಯಾತಿಟರ್ ಹಾಕಿಕೊಂಡರೆ ವರ್ಷಕ್ಕೆ 1,825 ಸಲ. ಈ ಖರ್ಚು ಯಾವ ಎಸ್ಟಿಮೇಟಿನಲ್ಲೂ ಕಾಣುವುದಿಲ್ಲ.

ಇನ್ನು ವಿಕಿರಣ. ಕಾರ್ಡೋಮಾ ಬಗ್ಗಬೇಕಾದರೆ 70 ಗ್ರೇಗಿಂತ (ಗ್ರೇ ಎಂದರೆ ವಿಕಿರಣದ ಅಳತೆ) ಹೆಚ್ಚು ಬೇಕು, ಬೆನ್ನುಹುರಿ ತಾಳುವುದು 45ರಿಂದ 50. ಈ ಅಂತರದಿಂದಾಗಿಯೇ ಗಡ್ಡೆಯಾಚೆಗೆ ವಿಕಿರಣ ಹೆಚ್ಚು ಹರಡದ ಪ್ರೋಟಾನ್ ಚಿಕಿತ್ಸೆಯ ಮಾತು ಬರುತ್ತದೆ. ಅದು ಬೆಂಗಳೂರಿನಿಂದ 350 ಕಿ.ಮೀ. ದೂರದ ಚೆನ್ನೈನ ಅಪೊಲೊದಲ್ಲಿ 2019ರ ಜನವರಿಯಲ್ಲಿ ಶುರುವಾಯಿತು. ವಾರಕ್ಕೆ ಐದರಂತೆ 35ರಿಂದ 39 ಸಿಟ್ಟಿಂಗ್ ಎಂದರೆ ಏಳೆಂಟು ವಾರ ಇಬ್ಬರ ಬಾಡಿಗೆ, ಊಟ, ಕಳೆದುಕೊಂಡ ಕೂಲಿ. ಚಿಕಿತ್ಸೆಯ ದರವೇ ಸರ್ಕಾರಿ ಆರೋಗ್ಯ ಯೋಜನೆಯ ಐದು ಲಕ್ಷದ ಕಾರ್ಡನ್ನು ಹಲವು ಪಟ್ಟು ಮೀರುತ್ತದೆ.

ಆ ಕಾರ್ಡಿನ ಲೆಕ್ಕ ಹೀಗಿದೆ: 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ. ಎಪಿಎಲ್‌ಗೆ ಪ್ಯಾಕೇಜಿನ ಶೇ 30, ಮಿತಿ 1.5 ಲಕ್ಷ. ಖಾಸಗಿ ವಿಮೆಯವರಿಗೆ ರೂಮಿನ ಬಾಡಿಗೆಯಲ್ಲಿ ಪೆಟ್ಟು ಬೀಳುತ್ತದೆ. 5 ಲಕ್ಷದ ಪಾಲಿಸಿಯಲ್ಲಿ ದಿನಕ್ಕೆ ಶೇ 1 ಮಿತಿ ಇದ್ದರೆ ಸಿಗುವುದು 5,000 ರೂಪಾಯಿ. 10,000ದ ರೂಮಿನಲ್ಲಿ 12 ದಿನ ಇದ್ದರೆ ಬಾಡಿಗೆಯಲ್ಲೇ 60 ಸಾವಿರ ಕೈಯಿಂದ. ಸರ್ಜನ್, ಅರಿವಳಿಕೆ, ಥಿಯೇಟರ್ ಬಿಲ್ಲು 3 ಲಕ್ಷವಾಗಿದ್ದರೆ ಅದಕ್ಕೂ ಅದೇ ಅನುಪಾತದಲ್ಲಿ ಅರ್ಧ ಕತ್ತರಿ ಬಿದ್ದು ಇನ್ನೊಂದೂವರೆ ಲಕ್ಷ. ಇಂಪ್ಲಾಂಟ್, ಔಷಧಿ, ಸ್ಕ್ಯಾನಿಗೆ ಈ ಕತ್ತರಿ ಹಾಕುವಂತಿಲ್ಲ. ಹಾಕಿದ್ದರೆ ಬರವಣಿಗೆಯಲ್ಲಿ ಪ್ರಶ್ನಿಸಿ.

ಮೂರು ತಿಂಗಳಿಗೂ ಮಣಿಯದ, ರಾತ್ರಿ ಎಬ್ಬಿಸುವ, ಕೂತರೆ ಹೆಚ್ಚುವ ಬಾಲದ ಮೂಳೆಯ ನೋವಿದ್ದರೆ ಸ್ಕ್ಯಾನ್ ಚೀಟಿಯಲ್ಲಿ ‘ತ್ರಿಕಾಸ್ಥಿ ಪೂರ್ತಿ’ ಎಂದು ಬರೆಸಿ, ಸಿಡಿ ಕೇಳಿ ಪಡೆಯಿರಿ. ಗಡ್ಡೆ ಎಂಬ ಮಾತು ಬಂದರೆ ಬಯಾಪ್ಸಿಗೆ ಮುಂಚೆಯೇ ನಿಮ್ಹಾನ್ಸ್ ಅಥವಾ ಕಿದ್ವಾಯಿಯಲ್ಲಿ ಎರಡನೇ ಅಭಿಪ್ರಾಯ ತೆಗೆದುಕೊಳ್ಳಿ. ಬಿಪಿಎಲ್ ಕಾರ್ಡಿನವರು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವನ್ನು ಅಡ್ಮಿಟ್ ಆಗುವ ಮೊದಲೇ ಕೈಯಲ್ಲಿಟ್ಟುಕೊಳ್ಳಿ.